ಗೋಡೆ ಕಡೆಯ ಬಟ್ಟಲು

ಬಾಲ್ಯದ ಮನೆಯ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನನಗೆ ಆ ಭಾಗ್ಯವಿಲ್ಲ. ಖಾನಾಪುರದಿಂದ ಲೋಂಡಾ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಕಾಡು ಶುರುವಾಗುವ ಜಾಗದಲ್ಲಿದ್ದ ಆ ಮಿಶನ್ ಬಂಗಲೆಯನ್ನು ನಾನು ಒಂದು ದಿನವೂ ಪ್ರೀತಿಸಲಿಲ್ಲ. ಅದೂ ನನ್ನನ್ನು ಪ್ರೀತಿಸಲಿಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು. ಅಪ್ಪ ಮಿಶನ್ನಿನ ಬೋಧಕ. ಸೈಕಲ್ ಮೇಲೆ ಹಳ್ಳಿ ಹಳ್ಳಿ ಸುತ್ತಿ ಯೇಸುವಿನ ಮಾತು ಹೇಳುವುದು, ಜ್ವರ ಬಂದವರಿಗೆ ಗುಳಿಗೆ ಕೊಡುವುದು, ಸತ್ತವರ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುವುದು ಅವನ ಕೆಲಸ. ಬಂಗಲೆ ಕಟ್ಟಿಸಿದವರು ಬಿಳಿಯರು. ಅವರು ಬೆಳಗಾವಿಯ ದೊಡ್ಡ ಕಂಪೌಂಡಿಗೆ ಹೋದ ಮೇಲೆ ಇಲ್ಲಿ ನಮ್ಮನ್ನು ತಂದಿಟ್ಟರು. ಇಟ್ಟರು ಎನ್ನುವ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಆರು ಕೋಣೆಗಳ ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ಮೂವರೂ ಬದುಕಿದ್ದು ಎರಡು ಕೋಣೆಗಳಲ್ಲಿ. ಉಳಿದ ನಾಲ್ಕನ್ನು ನಾವು ಬರೀ ಒರೆಸಿದೆವು.

ಅಡುಗೆಮನೆಯ ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿತ್ತು. ಹಿಂದೆ ಅಲ್ಲಿದ್ದ ಯಾವಳೋ ದೊರೆಸಾನಿ ಯಾರಿಂದಲೋ ಕನ್ನಡದಲ್ಲಿ ಬರೆಸಿದ್ದು. ಕುಡಿಯುವ ನೀರು ಗಡಿಯಾರದ ಇಪ್ಪತ್ತು ನಿಮಿಷ ಕುದಿಯಬೇಕು. ಫಿಲ್ಟರಿನೊಳಗಿನ ಬಿಳಿ ಕ್ಯಾಂಡಲನ್ನು ವಾರಕ್ಕೆರಡು ಸಲ ಬ್ರಶ್ಶಿನಿಂದ ಉಜ್ಜಬೇಕು. ಹಾಸಿಗೆ ದಿನಾಲು ಬಿಸಿಲಿಗೆ, ಸೊಳ್ಳೆಪರದೆ ಶನಿವಾರ ಸಾಬೂನಿಗೆ. ನೆಲಕ್ಕೆ ಸಗಣಿ ಮುಟ್ಟಿಸಕೂಡದು, ಫಿನಾಯಿಲು ಮಾತ್ರ. ಅಂಗಳದ ಮರಗಳಿಗೆ ಸೊಂಟದೆತ್ತರಕ್ಕೆ ಸುಣ್ಣ. ಬೂಟು ಹಾಕಿಕೊಳ್ಳುವ ಮೊದಲು ಕೊಡವಬೇಕು, ಚೇಳಿರುತ್ತದೆ. ನಮ್ಮ ಮನೆಯಲ್ಲಿ ಬೂಟು ಇರಲೇ ಇಲ್ಲ. ಆದರೆ ಕಾಗದದಲ್ಲಿ ಬರೆದಿತ್ತಲ್ಲ, ಅದಕ್ಕೆ ಅವ್ವ ಬೆಳಿಗ್ಗೆ ಎದ್ದು ಅಪ್ಪನ ಚಪ್ಪಲಿ ಜೋಡನ್ನು ಕೊಡವಿ ಕಟ್ಟೆಯ ಮೇಲಿಡುತ್ತಿದ್ದಳು. ಚಪ್ಪಲಿಯಲ್ಲಿ ಯಾವ ಚೇಳು ಅಡಗೀತು ಎಂದು ನಾನು ಕೇಳಿದ್ದಕ್ಕೆ ಬೆನ್ನ ಮೇಲೆ ಒಂದು ಬಿತ್ತು. ಅವ್ವನ ಕೈ ಮಾತಿಗಿಂತ ಮುಂದೆ ಬರುತ್ತಿತ್ತು.

ಅತಿಥಿಗಳ ಕೋಣೆಯ ಕಥೆಯಂತೂ ಕೇಳಲೇಬೇಡಿ. ಮನೆಯಲ್ಲಿ ಅತ್ಯಂತ ತಂಪಾದ, ಎರಡು ಕಿಟಕಿಗಳ, ಗೆದ್ದಲು ಹತ್ತದ ಕೋಣೆ ಅದು. ವರ್ಷಕ್ಕೆ ಎರಡು ಸಲ ಬೆಳಗಾವಿಯಿಂದ ಯಾರಾದರೂ ಬಂದರೆ ಮಧ್ಯಾಹ್ನ ಒಂದು ತಾಸು ಅಡ್ಡಾಗುವುದಕ್ಕೆ. ಆ ಒಂದು ತಾಸಿಗಾಗಿ ಮುನ್ನೂರೈವತ್ತಕ್ಕೂ ಹೆಚ್ಚು ದಿನ ಹಾಸಿಗೆ ಹೊತ್ತು ಹೊರಗೆ ಹಾಕಿ, ಹೊತ್ತು ಒಳಗೆ ತಂದೆವು. ಬೇಸಿಗೆಯಲ್ಲಿ ನನಗೆ ಮೈತುಂಬ ಬೆವರುಸಾಲೆ ಎದ್ದಾಗಲೂ ಆ ಕೋಣೆಯ ನೆಲದ ಮೇಲೆ ಮಲಗಲು ಬಿಡಲಿಲ್ಲ. ಅಪ್ಪನನ್ನು ಕೇಳಿದರೆ ‘ಅದು ನಮ್ಮದಲ್ಲವ್ವಾ’ ಎನ್ನುತ್ತಿದ್ದ. ದಾರಿಯಲ್ಲಿ ಹೋಗುವ ರೋಗಿಗೆ ತನ್ನ ಅಂಗಿ ಬಿಚ್ಚಿಕೊಡುವ ಮನುಷ್ಯ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು. ಬೆಳಗಾವಿಯಿಂದ ಬಂದವರು ನಮ್ಮ ನೀರನ್ನು ಮುಟ್ಟುತ್ತಿರಲಿಲ್ಲ, ತಮ್ಮ ಫ್ಲಾಸ್ಕಿನಿಂದಲೇ ಕುಡಿಯುತ್ತಿದ್ದರು. ದಿನಾ ಹಾಲು ತರುತ್ತಿದ್ದ ಗೌರವ್ವ ಕೊರಳಲ್ಲಿ ಲಿಂಗ ಕಟ್ಟಿದವಳು, ಅವಳೂ ನಮ್ಮಲ್ಲಿ ನೀರು ಕುಡಿಯುತ್ತಿರಲಿಲ್ಲ. ಗಡಿಯಾರ ನೋಡಿ ಕುದಿಸಿದ ಅಷ್ಟೂ ನೀರನ್ನು ಕುಡಿದವರು ನಾವು ಮೂವರೇ.

ಗೌರವ್ವ ಬೀಡಿ ಊರಿನ ಮಗಳು, ನಮ್ಮ ಪಕ್ಕದ ಹೊಲದವರಿಗೆ ಕೊಟ್ಟಿದ್ದರು. ಹಾಲಿನ ತಂಬಿಗೆ ಎತ್ತರಕ್ಕೆ ಹಿಡಿದು ನಮ್ಮ ಪಾತ್ರೆಗೆ ತಾಗದಂತೆ ಸುರಿಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಬಾಯಿಗೆ ಅಂಥ ಅಂತರವೇನೂ ಇರಲಿಲ್ಲ. ಕಟ್ಟೆಯ ಮೇಲೆ ಕೂತಳೆಂದರೆ ಅರ್ಧ ತಾಸು.

‘ಅಕ್ಕಾರ, ನೀವು ಈ ಮನಿ ಕಾಯ್ತೀರೋ, ಈ ಮನಿ ನಿಮ್ಮನ್ನ ಕಾಯ್ತೈತೋ? ನಾ ಬಂದಾಗೊಮ್ಮೆ ನೋಡ್ತೀನಿ, ಕೈಯಾಗ ಒರಸೋ ಅರಬಿ ಇಲ್ಲದ ನಿಮ್ಮನ್ನ ಒಂದ ದಿನಾ ಕಂಡಿಲ್ಲ.’

‘ಬಂಗ್ಲೇ ಮಿಶನ್ನದು ಗೌರವ್ವಾ. ಯಾವತ್ತ ಬಂದ ಕೇಳ್ತಾರೋ ಯಾರಿಗೆ ಗೊತ್ತು.’

‘ಕೇಳಾಕ ಬರೋರು ಒಂದ ದಿನಾ ಕಸಬರಿಗಿ ಹಿಡದ ನೋಡ್ಲಿ, ಗೊತ್ತಾಕ್ಕತಿ.’

ಅವ್ವ ನಗುತ್ತಿರಲಿಲ್ಲ. ಆದರೆ ಗೌರವ್ವನ ಜೊತೆ ಅವಳಿಗೆ ಒಂದು ವ್ಯವಹಾರವಿತ್ತು. ಮದುವೆಗೆ ಮೊದಲು ಅವ್ವ ಶಿಕ್ಷಕಿಯ ತರಬೇತಿ ಮುಗಿಸಿದ್ದಳು. ಆ ಸರ್ಟಿಫಿಕೇಟು ಅತಿಥಿಗಳ ಕೋಣೆಯ ದಿಂಬಿನ ಚೀಲವೊಂದರಲ್ಲಿ ಇತ್ತು, ಅಲ್ಲಿ ಗೆದ್ದಲು ಬರುವುದಿಲ್ಲ ಎಂದು. ಬೋಧಕನ ಹೆಂಡತಿಗೆ ಮನೆಯೇ ಸೇವೆ ಎಂದು ಮಿಶನ್ನಿನವರು ಅವಳಿಗೆ ಕೆಲಸ ಕೊಟ್ಟಿರಲಿಲ್ಲ. ಮರಗಳಿಗೆ ಸುಣ್ಣ ಹೊಡೆಯುವ ದಿನ ಅವ್ವ ಗೌರವ್ವನನ್ನು ಮಾವಿನ ಬೊಡ್ಡೆಯ ಮುಂದೆ ನಿಲ್ಲಿಸಿಕೊಂಡು, ಸುಣ್ಣದ ಕುಂಚದಿಂದಲೇ ‘ಗ’ ಬರೆದು ತೋರಿಸುತ್ತಿದ್ದಳು. ಗೌರವ್ವ ನಾಲಿಗೆ ಕಚ್ಚಿಕೊಂಡು ಅದರ ಕೆಳಗೆ ತಾನೂ ಬರೆಯುತ್ತಿದ್ದಳು. ಆಗ ಅವ್ವನ ದನಿಯೇ ಬೇರೆ. ನನಗೆ ಒಂದು ದಿನವೂ ಬಾರದ ತಾಳ್ಮೆ ಎಲ್ಲಿಂದಲೋ ಬಂದು ಅವಳ ಗಂಟಲಲ್ಲಿ ಕೂತಿರುತ್ತಿತ್ತು. ಒಂದು ಮರದ ಮೇಲೆ ಗೌರವ್ವನ ಪೂರ್ತಿ ಹೆಸರು ಮೂಡಿದ ಮೇಲೆ ಅವ್ವ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಅದರ ಮೇಲೆಯೇ ಕುಂಚ ಎಳೆದು ಬೊಡ್ಡೆಯನ್ನು ಬಿಳಿ ಮಾಡಿಬಿಡುತ್ತಿದ್ದಳು. ಮುಂದಿನ ಮರಕ್ಕೆ ಹೋಗುತ್ತಿದ್ದಳು. ನಾನು ಸುಣ್ಣದ ಡಬ್ಬಿ ಹೊತ್ತು ಹಿಂದೆ ಹೋಗುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಆ ಮರಗಳ ಕೆಳಗೆ ಕಲಿತೆ.

ನನ್ನ ಪಾಲಿನ ಮುಖ್ಯ ಕೆಲಸ ಜಾಳಿ ಕಪಾಟಿನದು. ನಾಲ್ಕು ಬದಿಗೂ ತಂತಿ ಜಾಳಿ ಬಡಿದ ಮರದ ಕಪಾಟು. ಹಾಲು, ಬ್ರೆಡ್ಡು, ಬೇಯಿಸಿದ ಮಾಂಸ, ಬೆಲ್ಲ, ಎಲ್ಲ ಅದರಲ್ಲಿ. ಖಾನಾಪುರದ ಕಾಡಿನ ಇರುವೆಗಳನ್ನು ಕಾಣದವರಿಗೆ ಏನು ಹೇಳಿದರೂ ಅಷ್ಟೇ. ರಾತ್ರಿ ಮುಚ್ಚಿಟ್ಟ ಬೆಲ್ಲದ ಡಬ್ಬಿ ಬೆಳಿಗ್ಗೆ ತಾನೇ ನಡೆದು ಹೋಗುತ್ತಿದೆಯೇನೋ ಎನ್ನುವಷ್ಟು ಮುತ್ತಿರುತ್ತಿದ್ದವು. ಅದಕ್ಕೆ ಕಪಾಟಿನ ನಾಲ್ಕು ಕಾಲುಗಳನ್ನೂ ನಾಲ್ಕು ತಗಡಿನ ಬಟ್ಟಲುಗಳಲ್ಲಿ ಇಟ್ಟು, ಬಟ್ಟಲಿಗೆ ನೀರು ಹಾಕಿ, ಮೇಲೆ ಎರಡು ಹನಿ ಸೀಮೆಎಣ್ಣೆ ಬಿಡಬೇಕು. ಹಳೆಯ ನೀರನ್ನು ದಿನಾ ತೆಗೆಯಬೇಕು, ಸತ್ತ ಇರುವೆಗಳ ಕೆನೆ ಕಟ್ಟಿದರೆ ಅದರ ಮೇಲೆಯೇ ಬದುಕಿದ ಇರುವೆ ದಾಟಿ ಹೋಗುತ್ತದೆ. ಕಪಾಟು ಗೋಡೆಯಿಂದ ಒಂದು ಗೇಣು ದೂರವಿರಬೇಕು. ಒರೆಸುವ ಅರಿವೆಯ ಒಂದು ಚುಂಗು ಗೋಡೆಗೆ ತಾಗಿದರೂ ಅದೇ ಸೇತುವೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ಅಪ್ಪ ಹಳ್ಳಿಗಳಲ್ಲಿ ಕಣ್ಣೀರು ಬರುವ ಹಾಗೆ ಹೇಳುತ್ತಿದ್ದನಂತೆ. ಮಗಳು ಮನೆಯಲ್ಲಿ ಐದು ವರ್ಷ ಕಪಾಟಿನ ಕಾಲು ತೊಳೆದಳು. ಮುಂದಿನ ಎರಡು, ಹಿಂದೆ ಕಿಟಕಿ ಕಡೆಯದೊಂದು ಸುಲಭ. ನಾಲ್ಕನೆಯದು ಗೋಡೆ ಕಡೆಯ ಮೂಲೆಯಲ್ಲಿ. ಅದಕ್ಕೆ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ, ತೋಳು ಚಾಚಿ, ಕಾಣದೆಯೇ ನೀರು ಹಾಕಬೇಕು. ಬೆರಳದ್ದಿ ನೋಡಿದರಷ್ಟೇ ತುಂಬಿದ್ದು ಗೊತ್ತಾಗುವುದು. ಅವ್ವ ದಿನಾ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

‘ಕರುಣಾ, ನಾಲ್ಕಕ್ಕೂ ಹಾಕಿದೇನ?’

‘ಹಾಕೇನಿ.’

‘ಗ್ವಾಡಿ ಕಡೇದಕ್ಕ?’

‘ಹಾಕೇನಿ ಅಂದೆಲ್ಲಬೇ!’

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಬೆಳಗಾವಿಯಿಂದ ಒಂದು ಪತ್ರ ಬಂತು. ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಬ್ಬ ಶಿಕ್ಷಕಿಯ ಜಾಗ ಖಾಲಿ ಇದೆ, ನಿಮ್ಮ ಹೆಂಡತಿಯ ಹೆಸರು ವಿಚಾರದಲ್ಲಿದೆ, ದೊಡ್ಡ ಮೇಡಂ ಖುದ್ದಾಗಿ ಬಂದು ನಿಮ್ಮ ಮನೆ ನೋಡಿ ತೀರ್ಮಾನಿಸುತ್ತಾರೆ ಎಂದು. ಪಾಠ ಹೇಳುವವಳನ್ನು ಆರಿಸಲು ಅವಳ ಮನೆಯ ಮೂಲೆ ಏಕೆ ನೋಡಬೇಕು ಎಂದು ಯಾರೂ ಕೇಳಲಿಲ್ಲ. ಅವ್ವನೂ ಕೇಳಲಿಲ್ಲ. ಅವಳು ಆ ಪತ್ರವನ್ನು ಸರ್ಟಿಫಿಕೇಟಿನ ಜೊತೆ ಇಟ್ಟು ಕಸಬರಿಗೆ ತೆಗೆದುಕೊಂಡಳು. ಮೂರು ವಾರ ನಮ್ಮ ಮನೆಯಲ್ಲಿ ಮಾತು ಕಡಿಮೆ, ಉಜ್ಜುವುದು ಜಾಸ್ತಿ. ನನಗೂ ಉಮೇದು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬೆಳಗಾವಿಗೆ ಹೋದರೆ ಈ ಬಂಗಲೆ ತಪ್ಪೀತು, ಅಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಬಸ್ಸು ಓಡಾಡುತ್ತವೆ, ನಾನೂ ಅದೇ ಶಾಲೆಗೆ ಹೋಗುತ್ತೇನೆ ಎಂದು ನನ್ನಷ್ಟಕ್ಕೆ ನಾನೇ ಎಲ್ಲ ಹೊಂದಿಸಿಕೊಂಡಿದ್ದೆ. ಬೈಸಿಕೊಳ್ಳದೆ ಕೆಲಸ ಮಾಡಿದೆ. ನನ್ನ ಬದುಕಿನಲ್ಲಿ ಅಂಥ ಮೂರು ವಾರ ಮತ್ತೆ ಬರಲಿಲ್ಲ.

ಮೇಡಂ ಬರುವುದಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ, ನಾನು ಅತಿಥಿಗಳ ಕೋಣೆಯ ಮಂಚದ ಕೆಳಗೆ ಮಲಗಿ ಕಬ್ಬಿಣದ ಪಟ್ಟಿಗಳಿಗೆ ಸೀಮೆಎಣ್ಣೆ ಒರೆಸುತ್ತಿದ್ದೆ, ತಗಣೆ ಆಗದಂತೆ. ಅಪ್ಪ ಅವ್ವ ಕಿಟಕಿಯ ಹೊರಗೆ ಪಡಸಾಲೆಯಲ್ಲಿ ಮಾತಾಡುತ್ತಿದ್ದರು. ನಾನು ಒಳಗಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

‘ನೀ ಬೆಳಗಾವಿಗೆ ಹೋದ್ರ ಇಲ್ಲಿ ಯಾರ ನೋಡ್ತಾರ? ನನ್ನ ಕೆಲಸಾ ಇಲ್ಲೇ ಐತಿ. ಬಂಗ್ಲೇ ಖಾಲಿ ಬಿಡಾಕ ಬರಂಗಿಲ್ಲ.’

‘ಕರುಣಾ ಅದಾಳಲ್ಲ.’

‘ಅಕೀ ಸಾಲಿ?’

‘ಏಳನೇತ್ತಾ ಮುಗೀತು. ಸಾಕು. ಮನಿಗೆಲಸ ಎಲ್ಲಾ ಬರ್ತೈತಿ ಅಕೀಗೆ, ನಾ ಕಲಸೇನಿ. ನಾ ಶನಿವಾರಕ್ಕೊಮ್ಮೆ ಬಂದ ನೋಡಿ ಹೋಗ್ತೀನಿ.’

‘ಹುಡುಗಿ ಇನ್ನೂ ಸಣ್ಣದೈತಿ...’

‘ನಾ ಹನ್ನೆರಡು ವರ್ಷ ಮಾಡೇನ್ರಿ. ಖರೇ ಹೇಳ್ತೀನಿ, ಇನ್ನೊಂದು ವರ್ಷ ಈ ಮನ್ಯಾಗ ಇದ್ರ ನನಗ ಹುಚ್ಚ ಹಿಡೀತೈತಿ.’

ಅಪ್ಪ ಸೈಕಲ್ ಹತ್ತಿ ಹೊರಟ ಸದ್ದು ಬಂತು. ಅವನು ಸುಮ್ಮನಿದ್ದರೆ ಒಪ್ಪಿದ ಹಾಗೆ. ಮಂಚದ ಕೆಳಗೆ ನನ್ನ ಕೈಯ ಅರಿವೆ ಎಲ್ಲಿತ್ತೋ ಅಲ್ಲೇ ನಿಂತಿತು. ಅಳು ಬರಲಿಲ್ಲ, ಸಿಟ್ಟು ಬಂತು. ನಾನು ಕಲಿತ ಒಂದೊಂದು ಕೆಲಸವೂ ನನ್ನನ್ನು ಆ ಮನೆಗೆ ಹೊಲಿದ ಒಂದೊಂದು ದಾರ ಎಂದು ಅಲ್ಲಿ ಮಲಗಿಕೊಂಡೇ ತಿಳಿಯಿತು. ಅವಳು ಬಿಡಿಸಿಕೊಂಡು ಹೋಗುವುದಕ್ಕೆ ನಾನು ಒಳಗಿರಬೇಕು. ಇಬ್ಬರಲ್ಲಿ ಒಬ್ಬರು ಇರಲೇಬೇಕು. ಹನ್ನೆರಡು ವರ್ಷ ಮಾಡಿದವಳಿಗೆ ಹದಿಮೂರನೆಯದು ಏನು ಭಾರ ಎಂದು ನಾನು ಅಂದುಕೊಂಡೆ. ಇವತ್ತಿಗೂ ಆ ಹುಡುಗಿಯ ಮೇಲೆ ನನಗೆ ಪೂರ್ತಿ ಕೋಪ ಬರುವುದಿಲ್ಲ.

ಮೇಡಂ ಬರುವ ದಿನ ಅವ್ವ ಬೆಳಕು ಹರಿಯುವ ಮೊದಲೇ ಎದ್ದು ಪುಡ್ಡಿಂಗು ಮಾಡಿದಳು. ಹಾಲು, ಮೊಟ್ಟೆ, ಕೆಂಪಗೆ ಹುರಿದ ಸಕ್ಕರೆಯ ಪಾಕ. ಹಿಂದಿನ ದೊರೆಸಾನಿಯ ಅಡುಗೆಯವಳಿಂದ ಯಾರೋ ಕಲಿತು, ಅವರಿಂದ ಅವ್ವ ಕಲಿತಿದ್ದು. ನಾವು ಅದನ್ನು ತಿಂದವರಲ್ಲ, ಪಾತ್ರೆ ಕೆರೆದವರು. ಅದನ್ನು ಪಿಂಗಾಣಿಯ ಬೋಗುಣಿಯಲ್ಲಿ ಹಾಕಿ, ಮೇಲೊಂದು ತೆಳು ಅರಿವೆ ಮುಚ್ಚಿ ಜಾಳಿ ಕಪಾಟಿನ ನಡುವಿನ ಹಲಗೆಯ ಮೇಲಿಟ್ಟು ಮಧ್ಯಾಹ್ನದವರೆಗೆ ತಣಿಯಲು ಬಿಟ್ಟಳು. ನಾನು ನೀರಿನ ಚಂಬು ತೆಗೆದುಕೊಂಡು ಹೋದೆ. ಮುಂದಿನ ಎರಡು ಬಟ್ಟಲಿಗೆ ತುಂಬಿ ತುಳುಕುವಷ್ಟು ಹಾಕಿದೆ. ಕಿಟಕಿ ಕಡೆಯದಕ್ಕೂ ಹಾಕಿದೆ. ಎಣ್ಣೆಯ ಹನಿಗಳನ್ನೂ ಬಿಟ್ಟೆ. ಆಮೇಲೆ ಹೊಟ್ಟೆ ಹಚ್ಚಿ ಮಲಗಿ, ಗೋಡೆ ಕಡೆಯ ಬಟ್ಟಲಿನೊಳಗೆ ಅರಿವೆ ಅದ್ದಿ, ಹಿಂಡಿ, ಮತ್ತೆ ಅದ್ದಿ, ಒಣಗುವ ತನಕ ಒರೆಸಿದೆ. ಯಾರಾದರೂ ಬಗ್ಗಿ ನೋಡಿದರೆ ಮೂರು ಬಟ್ಟಲಲ್ಲಿ ನೀರು ಹೊಳೆಯುತ್ತಿರಬೇಕು, ನಾಲ್ಕನೆಯದು ಯಾರಿಗೂ ಕಾಣುವುದಿಲ್ಲ. ಎಂಥ ಜಾಣೆ ನಾನು ಎಂದು ಅನ್ನಿಸಿತು.

‘ಕರುಣಾ, ನಾಲ್ಕಕ್ಕೂ ಹಾಕಿದೇನ?’

‘ಹಾಕೇನಿ.’

‘ಗ್ವಾಡಿ ಕಡೇದಕ್ಕ?’

‘ಅದಕ್ಕ ಮೊದಲ ಹಾಕೇನಿ.’

ಅವ್ವ ಬಂದು ಬಗ್ಗಿ ನೋಡಿದಳು. ಮೂರು ಕಂಡವು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ನೆಲಕ್ಕೆ ಮಲಗಲಿಲ್ಲ. ಹೋಗುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು. ಹಾಗೆ ಅವಳು ಮಾಡುತ್ತಿದ್ದವಳಲ್ಲ. ಆ ಕೈ ನನಗೆ ಬೇಡವಾಗಿತ್ತು, ಆದರೂ ಬಟ್ಟಲಿಗೆ ನೀರು ಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಹಾಕಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಜೀಪು ಬಂತು. ದೊಡ್ಡ ಮೇಡಂ ಎತ್ತರದ, ಮೂಳೆ ಮೂಳೆ ಬಿಳಿ ಹೆಂಗಸು. ಮೂವತ್ತು ವರ್ಷ ಬೆಳಗಾವಿಯಲ್ಲಿದ್ದರೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದಳು. ಬಿಳಿ ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲ ಪಟ್ಟಿಗಳ ಮೇಲೆ ಎಳೆದಳು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಫಿಲ್ಟರ್ ತೆಗೆಸಿ ನೋಡಿದಳು. ಅತಿಥಿಗಳ ಹಾಸಿಗೆಯ ಮೂಲೆ ಎತ್ತಿ ಮೂಸಿದಳು. ಮರಗಳ ಸುಣ್ಣವನ್ನು ದೂರದಿಂದ ನೋಡಿ ತಲೆಯಾಡಿಸಿದಳು. ಪ್ರತಿ ಸಲ ಅವಳು ತಲೆಯಾಡಿಸಿದಾಗ ಅವ್ವನ ಮುಖದಲ್ಲಿ ಒಂದೊಂದು ವರ್ಷ ಕಡಿಮೆಯಾಗುತ್ತಿತ್ತು. ಊಟಕ್ಕೆ ಕೂತಾಗ ಅವ್ವ ಹೆಚ್ಚುಕಡಿಮೆ ಹುಡುಗಿಯಾಗಿದ್ದಳು. ಮೇಡಂ ಅವಳನ್ನು ಪಾಠದ ಬಗ್ಗೆ ಕೇಳಿದಳು, ಅವ್ವ ಗಣಿತವನ್ನು ಹುಣಸೆಬೀಜದಿಂದ ಹೇಗೆ ಕಲಿಸಬಹುದೆಂದು ಹೇಳಿದಳು. ಅಪ್ಪನಿಗೆ ತನ್ನ ಹೆಂಡತಿಗೆ ಇಷ್ಟು ಮಾತು ಬರುತ್ತದೆಂದು ಗೊತ್ತಿರಲಿಲ್ಲ ಅನ್ನಿಸುತ್ತದೆ, ತುತ್ತು ಕೈಯಲ್ಲಿ ಹಿಡಿದು ನೋಡುತ್ತಿದ್ದ. ಆಮೇಲೆ ಅವ್ವ ಕಪಾಟು ತೆಗೆದು ಬೋಗುಣಿ ತಂದು ಮೇಜಿನ ಮೇಲಿಟ್ಟು, ಸಣ್ಣ ನಗುವಿನೊಂದಿಗೆ ಅರಿವೆ ತೆಗೆದಳು.

ಪುಡ್ಡಿಂಗು ಅಲುಗಾಡುತ್ತಿತ್ತು. ಕೆಂಪಿರುವೆಗಳು ಪಾಕದ ಮೇಲೆ ಒಂದರ ಮೇಲೊಂದು ಬಿದ್ದು, ಬೋಗುಣಿಯ ಅಂಚು ಹತ್ತಿ, ಮೇಡಂ ಮುಂದಿನ ಬಿಳಿ ಮೇಜುಹಾಸಿನ ಮೇಲೆ ಇಳಿದವು. ಆ ಹಾಸನ್ನು ನಾವು ವಾರಗಟ್ಟಲೆ ನೀಲಿ ಹಾಕಿ ಒಗೆದಿದ್ದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೇಡಂ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಅವಳು ಬೈದಿದ್ದರೆ ನಾನು ಆಗಲೇ ಬಾಯಿಬಿಡುತ್ತಿದ್ದೆನೇನೋ.

‘ಸಹೋದರಿಯೇ, ಆ ಬಟ್ಟಲುಗಳಿಗೆ ನೀರನ್ನು ತುಂಬಿಸುವವರು ಯಾರು?’

‘ನಾನ್ರೀ,’ ಎಂದಳು ಅವ್ವ.

‘ನಾಲ್ಕು ಬಟ್ಟಲುಗಳನ್ನು ಕಾಯಲಾರದವರು ನಲವತ್ತು ಮಕ್ಕಳನ್ನು ಹೇಗೆ ಕಾಯುವರು?’

ಮೇಡಂ ಇದನ್ನು ಮೃದುವಾಗಿ, ನಿಜವಾಗಿಯೂ ಉತ್ತರ ಬೇಕಾದವಳ ಹಾಗೆ ಕೇಳಿದಳು. ಅವ್ವ ಇರುವೆಗಳನ್ನೇ ನೋಡುತ್ತಿದ್ದಳು. ಅಪ್ಪ ಏನಾದರೂ ಅನ್ನುತ್ತಾನೆ ಎಂದು ನಾನು ಕಾದೆ. ಅವನು ಊಟದ ಕೊನೆಯ ಪ್ರಾರ್ಥನೆಗೆ ಕಣ್ಣು ಮುಚ್ಚಿದ. ಆ ಪ್ರಾರ್ಥನೆಯಲ್ಲಿ ಅವನು ದೇವರಿಗೆ ಊಟಕ್ಕಾಗಿ ಧನ್ಯವಾದ ಹೇಳಿದ. ಆ ದಿನದಿಂದ ಅವನ ಪ್ರಾರ್ಥನೆಗಳಿಗೆ ನಾನು ಆಮೆನ್ ಅನ್ನುವುದನ್ನು ಬಿಟ್ಟೆ, ತುಟಿ ಮಾತ್ರ ಆಡಿಸುತ್ತಿದ್ದೆ. ಜೀಪು ಹೋಗುವಾಗ ಮೇಡಂ ‘ಮುಂದಿನ ವರ್ಷ ನೋಡೋಣ’ ಎಂದಳು. ಮುಂದಿನ ವರ್ಷಕ್ಕೆ ಆ ಜಾಗ ಖಾಲಿ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ನಮ್ಮ ಧರ್ಮದಲ್ಲೂ ನಡೆಯುತ್ತದೆ.

ಅವ್ವ ನನ್ನನ್ನು ಗೌರವ್ವನ ಮನೆಗೆ ಕಳಿಸಿದಳು, ಹಾಲಿನ ಪಾತ್ರೆ ಕೊಟ್ಟು ಬಾ ಎಂದು. ನಾನು ವಾಪಸು ಬರುವಷ್ಟರಲ್ಲಿ ಅಡುಗೆಮನೆಯ ನೆಲ ತೊಳೆದಿತ್ತು, ಬೋಗುಣಿ ಬೋರಲಾಗಿತ್ತು, ನಾಲ್ಕೂ ಬಟ್ಟಲುಗಳಲ್ಲಿ ಹೊಸ ನೀರಿತ್ತು. ಹೊಡೆತಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಬಂದಿದ್ದೆ. ಯಾವುದೂ ಬೀಳಲಿಲ್ಲ. ಗೊತ್ತಾಗಿಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಚಂಬು ತೆಗೆದುಕೊಂಡಾಗ ಅವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

‘ಇನ್ನ ಮ್ಯಾಲೆ ನಾ ಹಾಕ್ತೀನಿ.’

ನನಗೆ ಆಗ ಖುಷಿಯಾಯಿತು, ಅಂಥ ಮಡ್ಡಿ ನಾನು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುವುದು ತಪ್ಪಿತಲ್ಲ ಎಂದು. ಅಂದಿನಿಂದ ಅವ್ವ ಆ ಕಪಾಟಿನ ಹತ್ತಿರ ನನ್ನನ್ನು ಬಿಡಲಿಲ್ಲ. ಗೌರವ್ವನಿಗೆ ಅಕ್ಷರ ಕಲಿಸುವುದೂ ನಿಂತಿತು. ಸುಣ್ಣದ ದಿನ ಗೌರವ್ವ ಮರದ ಮುಂದೆ ಬಂದು ನಿಂತರೆ ಅವ್ವ ಮಾತಿಲ್ಲದೆ ಮೇಲಿನಿಂದ ಕೆಳಗೆ ಬಿಳಿ ಎಳೆದುಕೊಂಡು ಹೋಗುತ್ತಿದ್ದಳು. ‘ಅಕ್ಕಾರ ಮನಸ್ಸ ಕೆಟ್ಟೈತಿ’ ಎಂದು ಗೌರವ್ವ ನನಗೆ ಹೇಳಿದಳು. ಬೇಸಿಗೆ ರಜೆ ಮುಗಿಯುವ ಮುಂಚೆ ಒಂದು ದಿನ ಅವ್ವ ಊಟ ಬಡಿಸುತ್ತ, ನನ್ನ ಕಡೆ ನೋಡದೆ, ಅಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದಳು.

‘ಇಕೀನ್ನ ಬೆಳಗಾವಿ ಬೋರ್ಡಿಂಗಿಗೆ ಹಾಕ್ರಿ. ಇಕೀ ಕೈಯಾಗ ಮನಿ ಉಳಿಯಂಗಿಲ್ಲ.’

ಹಾಗೆ ನಾನು ಹೊರಬಿದ್ದೆ, ಬೈಗುಳದ ಬಾಗಿಲಿನಿಂದ. ಬೋರ್ಡಿಂಗಿನಲ್ಲಿ ಓದಿದೆ, ತರಬೇತಿ ಮುಗಿಸಿದೆ, ಕೊನೆಗೆ ಯಾವ ಶಾಲೆಯ ಜಾಗಕ್ಕೆ ಅವ್ವ ಮೂರು ವಾರ ಉಜ್ಜಿದ್ದಳೋ ಅದೇ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದೆ. ನನ್ನನ್ನು ಆರಿಸಿದಾಗ ಯಾರೂ ನನ್ನ ಅಡುಗೆಮನೆ ನೋಡಲಿಲ್ಲ. ಅವ್ವ ಆ ಬಂಗಲೆಯಲ್ಲಿ ಇನ್ನೂ ಹದಿನೆಂಟು ವರ್ಷ ಇದ್ದಳು. ಹುಚ್ಚು ಹಿಡಿಯಲಿಲ್ಲ. ರಜೆಗೆ ಹೋದಾಗ ನನಗೆ ಅತಿಥಿಗಳ ಕೋಣೆಯಲ್ಲಿ ಹಾಸಿಕೊಡುತ್ತಿದ್ದಳು. ಅದು ಪ್ರೀತಿಯೋ, ನೀನು ಈ ಮನೆಯವಳಲ್ಲ ಎನ್ನುವ ಮಾತೋ, ನಾನು ಕೇಳಲಿಲ್ಲ. ಹಾಸಿಗೆ ಬಹಳ ಮೆತ್ತಗಿತ್ತು, ನನಗೆ ನಿದ್ದೆ ಬರುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ ಬೆಳಗಾವಿಗೆ, ಹಿಂದವಾಡಿಯ ನನ್ನ ಮನೆಗೆ ಬಂದಳು. ಬರುವಾಗ ಎರಡು ಸೀರೆ, ಒಂದು ದಿಂಬಿನ ಚೀಲ, ಜಾಳಿ ಕಪಾಟು. ಬಂಗಲೆಯ ಸಾಮಾನು ಹರಾಜಾದಾಗ ಯಾರಿಗೂ ಬೇಡವಾಗಿ ಉಳಿದಿತ್ತಂತೆ. ಫ್ರಿಜ್ಜಿರುವ ಮನೆಯಲ್ಲಿ ಅದಕ್ಕೇನು ಕೆಲಸ ಎಂದು ನಾನು ಜಗಳವಾಡಿದೆ. ಅವಳು ಅದನ್ನು ಅಡುಗೆಮನೆಯ ಮೂಲೆಯಲ್ಲಿ, ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಿ, ಕಾಲುಗಳ ಕೆಳಗೆ ನಾಲ್ಕು ಬಟ್ಟಲು ಇಟ್ಟಳು. ಒಳಗೆ ಅವಳ ಗುಳಿಗೆಗಳು, ಒಂದು ಬಿಸ್ಕಿಟ್ ಡಬ್ಬಿ. ಈ ಮೂರನೆಯ ಮಹಡಿಗೆ ಇರುವೆಯೇ ಬರುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಮಣೆಯ ಮೇಲೆ ಕೂತು ತಾನೇ ನೀರು ಹಾಕುತ್ತಿದ್ದಳು. ಒಮ್ಮೆಯೂ ನನ್ನನ್ನು ಕರೆಯಲಿಲ್ಲ. ನಾನು ಚಂಬಿಗೆ ಕೈ ಹಾಕಿದರೆ ‘ಕೊಡಿಲ್ಲಿ, ನಿನ್ನ ಕೈಯಾಗ ಆಗೂದಿಲ್ಲ ಅದು’ ಎಂದು ಕಸಿದುಕೊಳ್ಳುತ್ತಿದ್ದಳು. ನಲವತ್ತು ವರ್ಷದ ಮಕ್ಕಳಿಂದಲೂ ಟೀಚರ್ ಎನಿಸಿಕೊಂಡು ರಸ್ತೆಯಲ್ಲಿ ನಮಸ್ಕಾರ ಹೊಡೆಸಿಕೊಳ್ಳುವ ನಾನು, ನನ್ನದೇ ಅಡುಗೆಮನೆಯಲ್ಲಿ ನಾಲ್ಕು ಬಟ್ಟಲಿಗೆ ಯೋಗ್ಯಳಲ್ಲ.

ಮೊನ್ನೆ ಬೆಳಿಗ್ಗೆ ಅವಳಿಗೆ ಬಗ್ಗಲಾಗಲಿಲ್ಲ. ಎಂಬತ್ತೆಂಟು ದಾಟಿದ ಸೊಂಟ. ಮಣೆಯ ಮೇಲೆ ಅರ್ಧ ಕೂತು ಹಾಗೇ ನಿಂತುಬಿಟ್ಟಳು, ಕೈಯಲ್ಲಿ ಚಂಬು ಅಲುಗಿ ಫರಸಿ ನೆಲದ ಮೇಲೆಲ್ಲ ನೀರು ಚೆಲ್ಲಿತು. ನಾನು ಚಂಬು ಹಿಡಿದೆ. ಅವಳು ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡು ನಿಂತೆವು. ನನ್ನ ಬಾಯಿಂದ ಅದು ಆಗ ಹೊರಬಂತು, ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ತಯಾರಿ ಮಾಡಿಕೊಂಡಿದ್ದ ಯಾವ ಮಾತೂ ಬರಲಿಲ್ಲ.

‘ಅವ್ವಾ, ಅವತ್ತ ಆ ನೀರ ತಗದಾಕಿ ನಾನ.’

‘ಗೊತ್ತೈತಿ.’

‘ಯಾವಾಗಿಂದ?’

‘ಅವತ್ತಿಂದನ. ಮೂರರಾಗ ನೀರ ತುಳಕತಿತ್ತು, ಒಂದ ಒರಿಸಿದಂಗ ಒಣಗಿತ್ತು. ಮರತಿದ್ರ ನಾಲ್ಕೂ ಮರೀತಿದ್ದಿ.’

ನಾನು ಜಾಣತನ ಎಂದುಕೊಂಡಿದ್ದ ಆ ಮೂರು ತುಂಬಿದ ಬಟ್ಟಲುಗಳೇ ನನ್ನನ್ನು ಹಿಡಿದುಕೊಟ್ಟಿದ್ದವು. ಅವಳಿಗೆ ಗೊತ್ತಿದ್ದೇ ಮೇಡಂಗೆ ‘ನಾನ್ರೀ’ ಎಂದಿದ್ದಳೋ, ಆಮೇಲೆ ನೆಲ ತೊಳೆಯುವಾಗ ಗೊತ್ತಾಯಿತೋ ಎಂದು ಕೇಳಬೇಕೆನ್ನಿಸಿತು. ಕೇಳಿದ್ದು ಬೇರೆ.

‘ಈಗೂ ಸಿಟ್ಟೈತೇನ ನನ್ನ ಮ್ಯಾಲೆ?’

‘ಐತಿ.’

ಒಂದು ಕ್ಷಣವೂ ಯೋಚಿಸದೆ ಹೇಳಿದಳು. ಆಮೇಲೆ ಕಪಾಟಿನ ಕಾಲುಗಳನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಚಂಬನ್ನು ಬಿಟ್ಟಳು.

‘ಆ ಮೂರು ನೀ ಹಾಕು. ಗ್ವಾಡಿ ಕಡೇದು ನಾ ಹಾಕ್ತೀನಿ.’

ನಾನು ಮೂರಕ್ಕೆ ಹಾಕಿದೆ. ಕಪಾಟನ್ನು ಮೆಲ್ಲಗೆ ಗೋಡೆಯಿಂದ ಈಚೆಗೆ ತಿರುಗಿಸಿ, ಅವಳ ತೋಳು ಹಿಡಿದು ಮಣೆಯ ಮೇಲೆ ಕೂರಿಸಿದೆ. ಗೋಡೆ ಕಡೆಯ ಬಟ್ಟಲಿಗೆ ಅವಳು ಎರಡೂ ಕೈಯಿಂದ ಚಂಬು ಹಿಡಿದು ಸುರಿದಳು, ಅರ್ಧ ಹೊರಗೆ ಹೋಯಿತು, ಮತ್ತೆ ಸುರಿದಳು. ಬೆರಳದ್ದಿ ನೋಡಿದಳು. ಆಮೇಲೆ ನನ್ನ ತೋಳಿನ ಆಸರೆಯಲ್ಲಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿದು, ನಾನು ಹಾಕಿದ ಮೂರರಲ್ಲೂ ಒಂದೊಂದಾಗಿ ಬೆರಳದ್ದಿ ನೋಡಿದಳು.